ಜಯಕಾರವೋ, ಧಿಕ್ಕಾರವೋ?



ಬೇಸಗೆ ಬಂತೆಂದರೆ ಠಾಣೆಯಿಂದ ಕಲ್ಯಾಣದವರೆಗೆ, ಐರೋಳಿಯಿಂದ ಪನವೇಲಿನವರೆಗೆ, ಕನ್ನಡಿಗರ ಮನೆಗಳಲ್ಲಿ ಎರಡು ಸಂಗತಿಗಳು ತಪ್ಪದೆ ನಡೆಯುತ್ತವೆ. ಒಂದು, ಊರಿಗೆ ಹೋಗುವ ರೈಲಿನ ಟಿಕೀಟಿಗಾಗಿ ಪರದಾಟ. ಇನ್ನೊಂದು, ಕ್ರಿಕೆಟ್ಟಿನ ಹೆಸರಿನಲ್ಲಿ ಜಗಳ. ಮೊದಲನೆಯದಕ್ಕೆ ಈ ಅಂಕಣದಲ್ಲಿ ಪರಿಹಾರವಿಲ್ಲ. ಎರಡನೆಯದನ್ನು ಕುರಿತು ನಾಲ್ಕು ಮಾತು ಆಡಬಹುದೆಂದು ತೋರುತ್ತದೆ.

ಜಗಳ ಆಟದ ವಿಷಯವಾಗಿದ್ದರೆ ಚಿಂತೆಯಿಲ್ಲ. ಆಟವೆಂದಮೇಲೆ ಪಕ್ಷ, ಪ್ರತಿಪಕ್ಷ ಇದ್ದೇ ಇರಬೇಕು. ಆದರೆ ಈಚಿನ ವರ್ಷಗಳಲ್ಲಿ ಜಗಳವು ಆಟವನ್ನು ಬಿಟ್ಟು ಆಟಗಾರನ ಮೇಲೆ ಬಂದು ನಿಂತಿದೆ. ಆತ ಪೂಜೆಗೆ ಯೋಗ್ಯನೋ, ಛೀಮಾರಿಗೆ ಯೋಗ್ಯನೋ ಎಂಬುದೊಂದೇ ಪ್ರಶ್ನೆ. ಇವೆರಡರ ನಡುವೆ ಬೇರೊಂದು ಸ್ಥಾನವೇ ಇಲ್ಲವೆಂಬಂತೆ ಜನ ಮಾತನಾಡುತ್ತಾರೆ. ದೊಡ್ಡವರು ಆಡಿದ್ದನ್ನು ಕೇಳಿ, ಊಟದ ತಟ್ಟೆಯ ಮುಂದೆ ಕುಳಿತ ಎಂಟು ವರ್ಷದ ಹುಡುಗ ದೂರದರ್ಶನದ ಪರದೆಯ ಕಡೆಗೆ ಬೊಟ್ಟುಮಾಡಿ ಒಂದು ಹೊಲಸು ಮಾತು ಎಸೆಯುತ್ತಾನೆ. "ಏನೋ ಅದು ಮಾತು?" ಎಂದು ತಾಯಿ ಗದರಿಸಿದರೆ, "ಈಗತಾನೇ ಅಪ್ಪ ಅಂದರಲ್ಲಮ್ಮಾ" ಎನ್ನುತ್ತಾನೆ. ಅಪ್ಪ ಸಾರಿಗೆ ಉಪ್ಪು ಸಾಲದೆಂದು ಹೇಳಿ ಮಾತು ಮರೆಸುತ್ತಾನೆ. ಇಂಥ ವಿಷಯ ಕುಟುಂಬದ ಪತ್ರಿಕೆಗೆ ತಕ್ಕುದೇ ಎಂದು ಯಾರಾದರೂ ಕೇಳಿಯಾರೆಂದು ಈ ಮಾತನ್ನು ಮೊದಲಿಗೇ ಹೇಳಿಬಿಟ್ಟೆ.

ನಮ್ಮಂಥ ವಲಸೆ ಬಂದ ಕುಟುಂಬಗಳಿಗೆ ಈ ಜಗಳ ಹೊಸದಲ್ಲ. 1958-59ರಿಂದ 1972-73ರ ವರೆಗೆ ಹದಿನೈದು ವರ್ಷ ಸತತವಾಗಿ ರಣಜಿ ಪಾರಿತೋಷಕ ಮುಂಬಯಿಯ ಪಾಲಾಗಿತ್ತು. 1974ರಲ್ಲಿ ಬೆಂಗಳೂರಿನಲ್ಲಿ ನಡೆದ ಸೆಮಿಫೈನಲಿನಲ್ಲಿ ಪ್ರಸನ್ನ, ಚಂದ್ರಶೇಖರ್, ವಿಶ್ವನಾಥರಿದ್ದ ನಮ್ಮ ತಂಡ ಮೊದಲ ಇನಿಂಗ್ಸಿನ ಮುನ್ನಡೆಯ ಬಲದಿಂದ ಆ ಸರಪಳಿಯನ್ನು ಕಡಿಯಿತು. ಮುಂದೆ ಪಾರಿತೋಷಕವನ್ನೂ ಗೆದ್ದಿತು. ಅನ್ನ ಕೊಟ್ಟ ಊರು ಸೋತಿತೆಂದು ಮರುಗಬೇಕೋ, ಹೆತ್ತ ನಾಡು ಗೆದ್ದಿತೆಂದು ಹಿಗ್ಗಬೇಕೋ? ಈ ಇಕ್ಕಟ್ಟು ಇಲ್ಲಿಯ ಕನ್ನಡಿಗರಿಗೆ ಅಂದೂ ಇತ್ತು, ಇಂದೂ ಇದೆ. ಒಂದೇ ಮನೆಯಲ್ಲಿ ತಂದೆ ಬೆಂಗಳೂರಿನ ತಂಡದ ಕಡೆ, ಇಲ್ಲಿಯೇ ಹುಟ್ಟಿ ಬೆಳೆದ ಮಗ ಮುಂಬಯಿ ತಂಡದ ಕಡೆ. ಅದು ಇರಲಿ, ಮನೆಗೆ ಶೋಭೆಯೇ. ಈಗ ಕೇಳಬೇಕಾದದ್ದು, ನಮ್ಮ ಕಣ್ಣೆದುರಿನ ಇಬ್ಬರು ಆಟಗಾರರ ಮಾತು. ಒಬ್ಬರು ನಮ್ಮ ನಾಡಿನವರಾದ ಕೆ. ಎಲ್. ರಾಹುಲ್, ಇನ್ನೊಬ್ಬರು ನಾವು ಬಾಳುತ್ತಿರುವ ಈ ಊರಿನ ತಂಡದ ಹಾರ್ದಿಕ ಪಾಂಡ್ಯ. ಇವರಿಬ್ಬರಷ್ಟು ಹೊಗಳಿಕೆಯನ್ನೂ ತೆಗಳಿಕೆಯನ್ನೂ ಒಟ್ಟಿಗೆ ಉಂಡವರು ಈಗಿನವರಲ್ಲಿ ಕಡಿಮೆ.

ರಾಹುಲರು 1992ರ ಏಪ್ರಿಲ್ 18ರಂದು ಬೆಂಗಳೂರಿನಲ್ಲಿ ಹುಟ್ಟಿ, ಮಂಗಳೂರಿನ ಕಡೆಯಲ್ಲಿ ಬೆಳೆದವರು. ತಂದೆ ಸುರತ್ಕಲ್ಲಿನ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಪ್ರಾಧ್ಯಾಪಕರು. ತಾಯಿಯೂ ಪಾಠ ಹೇಳುವವರೇ. 2014ರ ಡಿಸೆಂಬರಿನಲ್ಲಿ ಮೆಲ್ಬೋರ್ನಿನಲ್ಲಿ ಮೊದಲ ಟೆಸ್ಟು, ಮುಂದಿನ ತಿಂಗಳು ಸಿಡ್ನಿಯಲ್ಲಿ ಮೊದಲ ಶತಕ. 2016ರ ಜೂನಿನಲ್ಲಿ ಹರಾರೆಯಲ್ಲಿ, ಒಂದು ದಿನದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಮೊದಲ ಆಟಕ್ಕೇ ನೂರು ಹೊಡೆದ ಪ್ರಥಮ ಭಾರತೀಯನೆಂಬ ಕೀರ್ತಿ. ಹೀಗೆ ಹೂವಿನ ಹಾಸಿಗೆಯ ಮೇಲೆ ಆರಂಭವಾದ ಬಾಳು ಬೇಗನೆ ಮುಳ್ಳನ್ನೂ ಕಂಡಿತು.

ಅವರ ಮೇಲಿನ ದೂರುಗಳನ್ನು ಮುಚ್ಚಿಡುವುದು ನ್ಯಾಯವಲ್ಲ. ಪ್ರತಿಭೆಗೆ ತಕ್ಕಷ್ಟು ಫಲವಿಲ್ಲ ಎಂಬುದು ಮೊದಲ ದೂರು. 2023ರ ಫೆಬ್ರುವರಿಯಲ್ಲಿ ಆಸ್ಟ್ರೇಲಿಯದ ಎದುರು 20, 17, 1 ಎಂದು ಮೂರು ಸಲ ಸಣ್ಣ ಮೊತ್ತಕ್ಕೆ ಔಟಾದಾಗ, 47 ಟೆಸ್ಟುಗಳಲ್ಲಿ ಅವರ ಸರಾಸರಿ 33ರ ಆಸುಪಾಸಿನಲ್ಲಿತ್ತು. ಉಪನಾಯಕನ ಪಟ್ಟ ಹೋಯಿತು. ಮುಂದಿನ ಟೆಸ್ಟಿಗೆ ತಂಡದಲ್ಲಿನ ಜಾಗವೂ ಹೋಯಿತು. ಎರಡನೆಯ ದೂರು, ನಿಧಾನ. ಅದೇ ವರ್ಷ ನವೆಂಬರ್ 19ರಂದು ಅಹಮದಾಬಾದಿನಲ್ಲಿ ನಡೆದ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಅವರು 107 ಚೆಂಡುಗಳಿಗೆ 66 ರನ್ನು ಮಾಡಿದರು. ಅದರಲ್ಲಿ ಬೌಂಡರಿ ಒಂದೇ. ಭಾರತ 240ಕ್ಕೆ ಮುಗಿಸಿ, ಆರು ವಿಕೆಟ್ಟುಗಳಿಂದ ಸೋತಿತು. ದೇಶದ ದುಃಖಕ್ಕೆಲ್ಲ ಒಂದು ಹೆಸರು ಬೇಕಾಗಿತ್ತು. ಅನೇಕರಿಗೆ ಈ ಹೆಸರು ಸಿಕ್ಕಿತು.

ಆ ರಾತ್ರಿಯ ಮಾತುಕತೆ ನಮ್ಮ ಕಟ್ಟಡಗಳಲ್ಲಿ ಹೇಗೆ ನಡೆದಿದ್ದೀತೆಂಬುದನ್ನು ವಾಚಕರು ಊಹಿಸಿಕೊಳ್ಳಬಲ್ಲರು. ಡೊಂಬಿವಲಿಯ ಒಂದೇ ಮಹಡಿಯಲ್ಲಿ ಧಾರವಾಡದ ಕಡೆಯವರೊಬ್ಬರು, ಮಂಗಳೂರಿನ ಕಡೆಯವರೊಬ್ಬರು ಇದ್ದಾರೆಂದು ಇಟ್ಟುಕೊಳ್ಳೋಣ.

"ಏನ್ರೀ, ನಿಮ್ಮ ಊರ ಹುಡುಗ ಹೆಂಗ ಆಡ್ಯಾನ ನೋಡ್ರಿ! ನೂರಾ ಏಳು ಚೆಂಡಿಗೆ ಅರವತ್ತಾರು! ಹಿಟ್ಟು ಬೀಸಾಕ ಹೋಗಿದ್ನೇನು?"

"ಅಲ್ಲ ಮಾರಾಯರೇ, ಮೂರು ವಿಕೆಟು ಬಿದ್ದ ಮೇಲೆ ಬಂದವ ಅವ. ಅವನೂ ಹೊಡೆಯಲಿಕ್ಕೆ ಹೋಗಿ ಔಟಾಗಿದ್ದರೆ ನೀವು ಏನು ಹೇಳುತ್ತಿದ್ದಿರಿ?"

"ಆವಾಗೂ ಬೈತಿದ್ವಿ ಬಿಡ್ರಿ!"

ಈ ಕೊನೆಯ ಮಾತಿನಲ್ಲಿ ಬಹಳ ಸತ್ಯವಿದೆ. ಸೋಲಿನ ದಿನ ನಾವು ಕಾರಣ ಹುಡುಕುವುದಿಲ್ಲ, ಅಪರಾಧಿಯನ್ನು ಹುಡುಕುತ್ತೇವೆ. ಅದೇ ವಿಶ್ವಕಪ್ಪಿನ ಭಾರತದ ಮೊದಲ ಪಂದ್ಯದಲ್ಲಿ, ಅಕ್ಟೋಬರ್ 8ರಂದು ಮದರಾಸಿನಲ್ಲಿ, ಅದೇ ಆಸ್ಟ್ರೇಲಿಯದ ಎದುರು 2 ರನ್ನಿಗೆ 3 ವಿಕೆಟು ಬಿದ್ದಿದ್ದವು. ಆಗ ಇದೇ ರಾಹುಲರು ಇದೇ ನಿಧಾನದಿಂದ ನೆಲ ಕಚ್ಚಿ ನಿಂತು, ವಿರಾಟ ಕೊಹ್ಲಿಯವರೊಡನೆ ಸೇರಿ, 97 ರನ್ನು ಮಾಡಿ ಔಟಾಗದೆ ಗೆಲ್ಲಿಸಿದರು. ಅಂದು ನಿಧಾನಕ್ಕೆ ತಾಳ್ಮೆಯೆಂದು ಹೆಸರು. ಅಹಮದಾಬಾದಿನಲ್ಲಿ ಅದಕ್ಕೇ ಅಳುಕೆಂದು ಹೆಸರು. ಆ ವಿಶ್ವಕಪ್ಪಿನಲ್ಲಿ ಅವರು ವಿಕೆಟ್ಟಿನ ಹಿಂದೆ ಚೆಂಡು ಹಿಡಿಯುವ ಕೆಲಸವನ್ನೂ ಹೊತ್ತು ಒಟ್ಟು 452 ರನ್ನು ಮಾಡಿದ್ದರೆಂಬುದು ಸೋತ ರಾತ್ರಿ ಯಾರ ನೆನಪಿಗೂ ಬರಲಿಲ್ಲ. ಅಂತಿಮ ಪಂದ್ಯದಲ್ಲಿ ಅವರು ಇನ್ನಷ್ಟು ಬೇಗನೆ ಆಡಬೇಕಿತ್ತೆಂದು ಹೇಳುವವರ ಮಾತಿನಲ್ಲಿ ಹುರುಳಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಆಟದ ಲೆಕ್ಕ. ಆ ಲೆಕ್ಕದಿಂದ ಒಬ್ಬ ಮನುಷ್ಯನ ಯೋಗ್ಯತೆಯನ್ನು ತೂಗಲು ಬರುವುದಿಲ್ಲ.

ಟೀಕೆ ಹೇಗಿರಬೇಕೆಂಬುದಕ್ಕೆ ನಮ್ಮವರೇ ಒಬ್ಬರು ಉದಾಹರಣೆ. 2023ರ ಫೆಬ್ರುವರಿಯಲ್ಲಿ ರಾಹುಲರನ್ನು ಎಲ್ಲರಿಗಿಂತ ಕಟುವಾಗಿ ಟೀಕಿಸಿದವರು ವೆಂಕಟೇಶ ಪ್ರಸಾದರು. ಅವರೂ ಕರ್ನಾಟಕದ ಆಟಗಾರರೇ. ಅಂಕಿಗಳನ್ನು ಮುಂದಿಟ್ಟು, ಬೇರೆಯವರಿಗೆ ಸಿಗಬೇಕಾದ ಅವಕಾಶ ಇವರಿಗೆ ಸಿಗುತ್ತಿದೆಯೆಂದು ವಾದಿಸಿದರು. ಮಾತು ಖಾರವಾಯಿತೆಂದು ಹಲವರಿಗೆ ಅನ್ನಿಸಿತು. ಒಂದು ತಿಂಗಳು ಕಳೆಯುವುದರೊಳಗೆ, ಮಾರ್ಚ್ 17ರಂದು, ನಮ್ಮ ವಾಂಖೇಡೆ ಮೈದಾನದಲ್ಲಿ ಆಸ್ಟ್ರೇಲಿಯ 188ಕ್ಕೆ ಔಟಾಯಿತು. ಸುಲಭದ ಗುರಿಯೆಂದುಕೊಂಡರೆ ಭಾರತದ ನಾಲ್ಕು ವಿಕೆಟ್ಟುಗಳು 39ಕ್ಕೆ ಉರುಳಿದವು. ಆಗ ರಾಹುಲರು 91 ಚೆಂಡುಗಳಿಗೆ 75 ರನ್ನು ಮಾಡಿ ಅಜೇಯರಾಗಿ ಉಳಿದು ಗೆಲುವು ತಂದರು. ಆ ದಿನ ಅವರನ್ನು ಮನಸಾರೆ ಹೊಗಳಿದವರಲ್ಲಿ ಪ್ರಸಾದರೂ ಇದ್ದರು. ಬಯ್ದ ಬಾಯಿಯಿಂದಲೇ ಹೊಗಳಿಕೆಯೂ ಬಂತು. ಎರಡೂ ಆಟವನ್ನು ನೋಡಿ ಬಂದ ಮಾತು. ಹೀಗಿದ್ದರೆ ಟೀಕೆ ಎಷ್ಟು ಖಾರವಾಗಿದ್ದರೂ ಜೀರ್ಣವಾಗುತ್ತದೆ.

ಮುಂದಿನ ಕಥೆಯೂ ಏರಿಳಿತದ್ದೇ. 2024ರ ಮೇ ತಿಂಗಳಲ್ಲಿ ಹೈದರಾಬಾದಿನಲ್ಲಿ ಲಕ್ನೋ ತಂಡ ಹತ್ತು ವಿಕೆಟ್ಟುಗಳಿಂದ ಸೋತಾಗ, ತಂಡದ ಮಾಲೀಕರು ಮೈದಾನದಲ್ಲಿಯೇ ನಾಯಕ ರಾಹುಲರೊಡನೆ ಅಸಮಾಧಾನದಿಂದ ಮಾತನಾಡುತ್ತಿದ್ದ ದೃಶ್ಯವನ್ನು ದೇಶವೆಲ್ಲ ನೋಡಿತು. ನಾಲ್ಕು ಜನರ ಎದುರು ಮೇಲಿನವರಿಂದ ಮಾತು ಕೇಳುವುದು ಎಂಥದೆಂದು, ಚಾಕರಿಗಾಗಿ ಊರು ಬಿಟ್ಟು ಬಂದ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಮರುವರ್ಷ ಮಾರ್ಚ್ 9ರಂದು ದುಬೈಯಲ್ಲಿ ಚಾಂಪಿಯನ್ಸ್ ಟ್ರೋಫಿಯ ಅಂತಿಮ ಪಂದ್ಯ ಮುಗಿದಾಗ ಕಣದಲ್ಲಿ 34 ರನ್ನು ಮಾಡಿ ಅಜೇಯರಾಗಿ ನಿಂತಿದ್ದವರಲ್ಲಿ ಒಬ್ಬರು ಅವರೇ. ಏಪ್ರಿಲ್ 10ರಂದು ದಿಲ್ಲಿ ತಂಡದ ಪರವಾಗಿ ಬೆಂಗಳೂರಿನಲ್ಲಿ ಆಡಿ, 53 ಚೆಂಡುಗಳಿಗೆ 93 ಹೊಡೆದು, ಬ್ಯಾಟಿನಿಂದ ನೆಲದ ಮೇಲೆ ವೃತ್ತ ಎಳೆದು ಇದು ತನ್ನ ನೆಲವೆಂದು ತೋರಿಸಿದರು. ಸೋತದ್ದು ಬೆಂಗಳೂರಿನ ತಂಡ, ಗೆಲ್ಲಿಸಿದವನು ಕನ್ನಡಿಗ. ಅಂದು ರಾತ್ರಿ ನಮ್ಮ ಮನೆಗಳಲ್ಲಿ ನಗಬೇಕೋ ಅಳಬೇಕೋ ತಿಳಿಯದೆ ಕುಳಿತವರು ಎಷ್ಟು ಮಂದಿಯೋ! ಆ ಬೇಸಗೆಯಲ್ಲಿಯೇ ಇಂಗ್ಲೆಂಡಿನ ಐದು ಟೆಸ್ಟುಗಳಲ್ಲಿ ಲೀಡ್ಸಿನಲ್ಲೊಂದು, ಲಾರ್ಡ್ಸಿನಲ್ಲೊಂದು ಶತಕ ಹೊಡೆದು 532 ರನ್ನು ಕೂಡಿಹಾಕಿದರು. ಎರಡು ವರ್ಷಗಳ ಹಿಂದೆ 'ಇನ್ನು ಇವನ ಕಥೆ ಮುಗಿಯಿತು' ಎಂದವರು ಈಗ ಏನೆನ್ನುತ್ತಾರೋ ಕೇಳಬೇಕು.

ಇನ್ನು ಪಾಂಡ್ಯರ ಮಾತು. ಇದು ಬೇರೆ ಬಗೆಯದು. ಇಲ್ಲಿ ದೂರು ಆಟದ ಮೇಲಲ್ಲ, ನಿಷ್ಠೆಯ ಮೇಲೆ. ಬರೋಡೆಯಲ್ಲಿ ಬೆಳೆದ ಈ ಹುಡುಗನನ್ನು 2015ರಲ್ಲಿ ಮುಂಬಯಿ ತಂಡ ಕಣಕ್ಕಿಳಿಸಿತು. 2022ರಲ್ಲಿ ಅವರು ಹೊಸದಾಗಿ ಹುಟ್ಟಿದ ಗುಜರಾತ್ ತಂಡದ ನಾಯಕರಾಗಿ ಮೊದಲ ವರ್ಷವೇ ಕಪ್ಪು ಗೆದ್ದರು. ಮರುವರ್ಷ ಅಂತಿಮ ಪಂದ್ಯದವರೆಗೆ ತಂಡವನ್ನು ಕೊಂಡೊಯ್ದರು. 2023ರ ಕೊನೆಯಲ್ಲಿ ಮುಂಬಯಿ ತಂಡ ಅವರನ್ನು ಮರಳಿ ಕರೆತಂದು, ಐದು ಕಪ್ಪು ಗೆದ್ದುಕೊಟ್ಟಿದ್ದ ರೋಹಿತ ಶರ್ಮರನ್ನು ಇಳಿಸಿ, ನಾಯಕತ್ವವನ್ನು ಇವರಿಗೆ ವಹಿಸಿತು. ಅಹಮದಾಬಾದಿನವರಿಗೆ ಅವರು ಬಿಟ್ಟುಹೋದವರಾದರು, ಮುಂಬಯಿಯವರಿಗೆ ಕಿತ್ತುಕೊಂಡವರಾದರು.

2024ರ ಮಾರ್ಚ್ 24ರಂದು ಅಹಮದಾಬಾದಿನಲ್ಲಿ ಜನ ಅವರನ್ನು ಮೂದಲಿಸಿದರು. ಮೈದಾನದೊಳಕ್ಕೆ ಒಂದು ನಾಯಿ ನುಗ್ಗಿದಾಗ ಅದನ್ನು ಅವರ ಹೆಸರು ಹಿಡಿದು ಕರೆದರು. ಏಪ್ರಿಲ್ 1ರಂದು ವಾಂಖೇಡೆಯಲ್ಲಿ, ಸ್ವಂತ ತಂಡದ ಮೈದಾನದಲ್ಲಿ, ಸ್ವಂತ ತಂಡದ ಬಣ್ಣ ತೊಟ್ಟ ಪ್ರೇಕ್ಷಕರೇ ಟಾಸಿನ ಹೊತ್ತಿಗೆ ಗುಲ್ಲೆಬ್ಬಿಸಿದರು. ಸಭ್ಯತೆಯಿಂದಿರಿ ಎಂದು ಸಂಜಯ ಮಾಂಜ್ರೇಕರರು ಧ್ವನಿವರ್ಧಕದಲ್ಲಿಯೇ ಹೇಳಬೇಕಾಯಿತು. ಆ ವರ್ಷ ಹದಿನಾಲ್ಕು ಪಂದ್ಯಗಳಲ್ಲಿ ನಾಲ್ಕನ್ನಷ್ಟೇ ಗೆದ್ದು ಮುಂಬಯಿ ತಂಡ ಪಟ್ಟಿಯ ತಳಕ್ಕೆ ಬಿತ್ತು.

ಜೂನ್ 29ರಂದು ಬಾರ್ಬಡೋಸಿನಲ್ಲಿ ಟಿ-ಟ್ವೆಂಟಿ ವಿಶ್ವಕಪ್ಪಿನ ಅಂತಿಮ ಪಂದ್ಯ. ದಕ್ಷಿಣ ಆಫ್ರಿಕ ಗೆಲುವಿನ ಹೊಸ್ತಿಲಲ್ಲಿ ನಿಂತಿದೆ. ಕ್ಲಾಸೆನ್ 27 ಚೆಂಡುಗಳಿಗೆ 52 ಹೊಡೆದಿದ್ದಾರೆ. ಹದಿನೇಳನೆಯ ಓವರಿನ ಮೊದಲ ಚೆಂಡಿಗೇ ಅವರನ್ನು ಪಾಂಡ್ಯರು ಔಟ್ ಮಾಡಿದರು. ಕಡೆಯ ಓವರಿಗೆ 16 ರನ್ನು ಬೇಕಾಗಿದ್ದಾಗ ಚೆಂಡು ಮತ್ತೆ ಅವರ ಕೈಗೇ ಬಂತು. ಮೊದಲ ಚೆಂಡಿನಲ್ಲಿ ಮಿಲ್ಲರ್ ಹೊಡೆದದ್ದನ್ನು ಬೌಂಡರಿಯ ಅಂಚಿನಲ್ಲಿ ಸೂರ್ಯಕುಮಾರ ಯಾದವರು ಹಿಡಿದರು. ಭಾರತ 7 ರನ್ನುಗಳಿಂದ ಗೆದ್ದಿತು. ಪಾಂಡ್ಯರು ಮಗುವಿನಂತೆ ಅತ್ತರು. ಜುಲೈ 4ರಂದು ಮರೀನ್ ಡ್ರೈವಿನ ಜನಸಾಗರದ ನಡುವೆ ಮೆರವಣಿಗೆ ಸಾಗಿ ವಾಂಖೇಡೆಗೆ ಬಂತು. ಏಪ್ರಿಲಿನಲ್ಲಿ ಗುಲ್ಲೆಬ್ಬಿಸಿದ್ದ ಅದೇ ಮೈದಾನ ಈಗ 'ಹಾರ್ದಿಕ್, ಹಾರ್ದಿಕ್' ಎಂದು ಜಯಕಾರ ಮಾಡಿತು. ಎರಡು ಘಟನೆಗಳ ನಡುವೆ ಕಳೆದದ್ದು ಮೂರೇ ತಿಂಗಳು.

ಇದು ನಮ್ಮ ದೇಶದ ಗುಣವಷ್ಟೇ ಎಂದು ತಿಳಿಯಬೇಡಿ. ಅಮೆರಿಕೆಯ ಬಾಸ್ಕೆಟ್‌ಬಾಲಿನ ಮಹಾಮಲ್ಲ ಲೆಬ್ರಾನ್ ಜೇಮ್ಸ್ ತಮ್ಮ ಹುಟ್ಟೂರಿನ ಮಗ್ಗುಲಿನ ಕ್ಲೀವ್‌ಲ್ಯಾಂಡ್ ತಂಡವನ್ನು ಬಿಟ್ಟು ಮಯಾಮಿಗೆ ಹೋಗುತ್ತೇನೆಂದು 2010ರ ಜುಲೈಯಲ್ಲಿ ದೂರದರ್ಶನದಲ್ಲಿ ಸಾರಿದರು. ಊರಿನವರು ಬೀದಿಯಲ್ಲಿ ಅವರ ಹೆಸರಿನ ಅಂಗಿಗಳನ್ನು ಸುಟ್ಟರು. ತಂಡದ ಮಾಲೀಕನೇ ಬಹಿರಂಗ ಪತ್ರದಲ್ಲಿ ಅದನ್ನು ದ್ರೋಹವೆಂದು ಕರೆದ. ಮಯಾಮಿಯಲ್ಲಿ ಎರಡು ಸಲ ಗೆದ್ದು, 2014ರಲ್ಲಿ ಜೇಮ್ಸ್ ಮರಳಿ ಬಂದರು. 2016ರಲ್ಲಿ ಅಂತಿಮ ಸರಣಿಯಲ್ಲಿ ಮೂರಕ್ಕೆ ಒಂದರಂತೆ ಹಿಂದೆ ಬಿದ್ದಿದ್ದ ತಂಡವನ್ನು ಎತ್ತಿ ನಿಲ್ಲಿಸಿ ಗೆಲ್ಲಿಸಿದರು. 52 ವರ್ಷಗಳಿಂದ ಯಾವ ದೊಡ್ಡ ಆಟದಲ್ಲಿಯೂ ಪ್ರಶಸ್ತಿ ಕಾಣದಿದ್ದ ಆ ಊರು ಅವರನ್ನು ತಲೆಯ ಮೇಲೆ ಹೊತ್ತು ಕುಣಿಯಿತು. ಅಂಗಿ ಸುಟ್ಟವರಲ್ಲಿ ಎಷ್ಟು ಜನ ಹೊಸ ಅಂಗಿ ಕೊಂಡರೋ ಲೆಕ್ಕವಿಟ್ಟವರಿಲ್ಲ.

ಇಲ್ಲಿ ನಮ್ಮನ್ನು ನಾವೇ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳ್ಳೆಯದು. ಹೆಚ್ಚು ಸಂಬಳ, ಹೆಚ್ಚಿನ ಹುದ್ದೆ, ಮಕ್ಕಳ ಮುಂದಿನ ಬಾಳು ಇವುಗಳಿಗಾಗಿ ಊರು ಬಿಟ್ಟವರಲ್ಲವೇ ನಾವು? ವಿಜಾಪುರದಿಂದ, ಗದಗಿನಿಂದ, ಉಡುಪಿಯಿಂದ, ಕಾರವಾರದಿಂದ ಹೊರಟು ಬಂದು, ಒಂದು ಕಚೇರಿಯನ್ನು ಬಿಟ್ಟು ಇನ್ನೊಂದನ್ನು ಸೇರಿ, ಕಲ್ಯಾಣದಲ್ಲೋ ವಾಶಿಯಲ್ಲೋ ಎರಡು ಕೋಣೆಯ ಮನೆ ಮಾಡಿಕೊಂಡೆವು. ಊರಿನಲ್ಲಿ ಉಳಿದವರು ಕೆಲವರು 'ಬಿಟ್ಟು ಹೋದರು' ಎಂದರು. ಇಲ್ಲಿಯವರು ಕೆಲವರು 'ಹೊರಗಿನಿಂದ ಬಂದರು' ಎಂದರು. ಎರಡೂ ಮಾತಿನ ನೋವು ನಮಗೆ ಗೊತ್ತು. ಕೆಲಸ ಕರೆದ ಕಡೆಗೆ ಹೋಗುವುದು ದ್ರೋಹವೆಂದಾದರೆ ಈ ಪತ್ರಿಕೆಯ ವಾಚಕರೆಲ್ಲರೂ ದ್ರೋಹಿಗಳೇ. ಪಾಂಡ್ಯರು ಹೋದದ್ದೂ ಬಂದದ್ದೂ ಆ ಆಟದ ನಿಯಮಕ್ಕೆ ಒಳಪಟ್ಟೇ. ರೋಹಿತರನ್ನು ಇಳಿಸಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ತಂಡದ ಆಡಳಿತದವರು. ಅವರು ಮೈದಾನಕ್ಕಿಳಿಯುವುದಿಲ್ಲ, ಆದ್ದರಿಂದ ಬೈಗುಳವೆಲ್ಲ ಇಳಿದವನ ಪಾಲಿಗೆ ಬಂತು.

ಹಾಗಾದರೆ ತಿರಸ್ಕಾರಕ್ಕೆ ಎಡೆಯೇ ಇಲ್ಲವೇ? ಇದೆ. ಈ ಇಬ್ಬರೂ ಒಮ್ಮೆ ಅದಕ್ಕೆ ನಿಜವಾಗಿ ಪಾತ್ರರಾಗಿದ್ದರು, ಮತ್ತು ಅದು ಆಟದ ಕಾರಣದಿಂದಲ್ಲ. 2019ರ ಜನವರಿಯಲ್ಲಿ ಪ್ರಸಾರವಾದ ದೂರದರ್ಶನದ ಒಂದು ಹರಟೆಯ ಕಾರ್ಯಕ್ರಮದಲ್ಲಿ ಹೆಂಗಸರ ವಿಷಯವಾಗಿ ಆಡಬಾರದ ಮಾತು ಆಡಿದರು. ಹೆಚ್ಚಿನ ಮಾತು ಪಾಂಡ್ಯರದು. ಪಕ್ಕದಲ್ಲಿ ಕುಳಿತು ನಗೆಯಲ್ಲಿ ಪಾಲುಗೊಂಡವರು ರಾಹುಲರು. ಸುರತ್ಕಲ್ಲಿನ ಅಧ್ಯಾಪಕರ ಮಗ, ಬರೋಡೆಯ ಸಾಧಾರಣ ಮನೆಯ ಮಗ, ಇಬ್ಬರೂ ತಮ್ಮ ತಾಯಂದಿರು ಕೇಳಬಹುದಾದ ಜಾಗದಲ್ಲಿ ಹಾಗೆ ಮಾತಾಡಿದರು. ಪರದೇಶದ ಪ್ರವಾಸದಿಂದ ಅವರನ್ನು ನಡುವೆಯೇ ಹಿಂದಕ್ಕೆ ಕರೆಸಿ, ಅಮಾನತಿನಲ್ಲಿಟ್ಟದ್ದು ಸರಿಯಾಗಿಯೇ ಇತ್ತು. ಏಪ್ರಿಲಿನಲ್ಲಿ ನ್ಯಾಯಮೂರ್ತಿ ಡಿ. ಕೆ. ಜೈನರು ತಲಾ 20 ಲಕ್ಷ ರೂಪಾಯಿ ದಂಡ ವಿಧಿಸಿದರು: ಕರ್ತವ್ಯದಲ್ಲಿ ಮಡಿದ ಅರೆಸೇನಾ ಪಡೆಗಳ ಹತ್ತು ಪೇದೆಗಳ ಕುಟುಂಬಗಳಿಗೆ ಒಂದೊಂದು ಲಕ್ಷ, ಉಳಿದ ಹತ್ತು ಲಕ್ಷ ಅಂಧರ ಕ್ರಿಕೆಟ್ಟಿಗೆ. ಕ್ಷಮೆಯನ್ನೂ ಕೇಳಿದರು.

ಈಗ ಒಂದು ವಿಚಿತ್ರವನ್ನು ಗಮನಿಸಿ. ಹೆಂಗಸರನ್ನು ಹೀಗಳೆದ ಮಾತಿಗಾಗಿ 2019ರಲ್ಲಿ ಕೋಪಗೊಂಡವರು ಹಲವರಾದರೂ, 'ಹುಡುಗರು, ಏನೋ ಆಡಿದರು, ಬಿಡಿ' ಎಂದು ನಕ್ಕವರೂ ನಮ್ಮಲ್ಲಿ ಬಹಳ ಮಂದಿ ಇದ್ದರು. ಆದರೆ ನಿಯಮಕ್ಕೆ ಒಪ್ಪುವ ರೀತಿಯಲ್ಲಿ ತಂಡ ಬದಲಾಯಿಸಿದ್ದಕ್ಕೆ 2024ರಲ್ಲಿ ಇಡೀ ಮೈದಾನವೇ ಕೂಗೆಬ್ಬಿಸಿತು. ನಡತೆಯ ತಪ್ಪಿಗೆ ರಿಯಾಯಿತಿ, ನೌಕರಿಯ ಬದಲಾವಣೆಗೆ ಶಿಕ್ಷೆ! ನಮ್ಮ ತಕ್ಕಡಿಯಲ್ಲಿಯೇ ಏನೋ ಊನವಿದೆಯೆಂದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಬೆಳೆಯುವ ಗಂಡುಮಗ ಇದರಿಂದ ಏನು ಕಲಿತಾನು? ಅಕ್ಕತಂಗಿಯರ ವಿಷಯದಲ್ಲಿ ನಾಲಗೆ ಸಡಿಲವಾದರೆ ನಡೆಯುತ್ತದೆ, ನಮ್ಮ ಪಕ್ಷ ಬಿಟ್ಟರೆ ಮಾತ್ರ ನಡೆಯದು ಎಂದು ತಾನೇ?

ಅತ್ತ ಕಡೆ ಪೂಜೆಯ ಅತಿರೇಕವೂ ಕೇಡೇ. ಬೈಗುಳವೂ ಪೂಜೆಯೂ ಒಂದೇ ಬೇರಿನಿಂದ ಹುಟ್ಟಿದವು. ಎರಡರಲ್ಲಿಯೂ ಎದುರಿಗಿರುವವನು ಮನುಷ್ಯನೆಂಬುದು ಮರೆತುಹೋಗುತ್ತದೆ. ಸಚಿನ್ ತೆಂಡುಲ್ಕರರನ್ನು ದೇವರೆಂದು ಕರೆದ ಇದೇ ಮುಂಬಯಿ, 2006ರ ಮಾರ್ಚಿನಲ್ಲಿ ಇದೇ ವಾಂಖೇಡೆಯಲ್ಲಿ ಇಂಗ್ಲೆಂಡಿನ ಎದುರು ಅವರು 1 ರನ್ನಿಗೆ ಔಟಾದಾಗ ಅವರನ್ನು ಮೂದಲಿಸಿ ಕಳಿಸಿತು. ಐದು ವರ್ಷಗಳ ಮೇಲೆ, 2011ರ ಏಪ್ರಿಲ್ 2ರಂದು, ವಿಶ್ವಕಪ್ಪು ಗೆದ್ದಾಗ ಜೊತೆಯ ಆಟಗಾರರು ಅವರನ್ನು ಹೆಗಲ ಮೇಲೆ ಹೊತ್ತು ಅದೇ ಮೈದಾನವನ್ನು ಸುತ್ತಿದರು. ಅದೇ ಜನ ಕಣ್ಣೀರು ಸುರಿಸಿದರು. ದೇವರಾದವನಿಗೇ ಈ ಗತಿಯಾದರೆ ಉಳಿದವರ ಪಾಡೇನು?

ಇದಕ್ಕಿಂತ ದಾರುಣವಾದದ್ದು ನಮ್ಮ ಬೆಂಗಳೂರಿನಲ್ಲಿ ನಡೆಯಿತು. ಹದಿನೆಂಟು ವರ್ಷ ಕಾದು, 2025ರ ಜೂನ್ 3ರಂದು ಬೆಂಗಳೂರಿನ ತಂಡ ಮೊದಲ ಸಲ ಕಪ್ಪು ಗೆದ್ದಾಗ ನಮ್ಮ ಸಂತೋಷಕ್ಕೆ ಪಾರವಿರಲಿಲ್ಲ. ಮರುದಿನವೇ ಚಿನ್ನಸ್ವಾಮಿ ಮೈದಾನದ ಹೊರಗೆ, ಆಟಗಾರರನ್ನು ಒಂದು ನೋಟ ನೋಡಲು ನುಗ್ಗಿದ ಜನಸಂದಣಿಯಲ್ಲಿ ಕಾಲ್ತುಳಿತವಾಗಿ 11 ಮಂದಿ ಪ್ರಾಣ ಕಳೆದುಕೊಂಡರು. ವ್ಯವಸ್ಥೆ ಮಾಡಬೇಕಾದವರ ಹೊಣೆ ಅದರಲ್ಲಿ ದೊಡ್ಡದು. ಅದನ್ನು ಪ್ರೇಕ್ಷಕರ ತಲೆಗೆ ಕಟ್ಟುವುದು ಅನ್ಯಾಯ. ಆದರೂ ಒಬ್ಬ ತಂದೆಯಾಗಿ, ತಾಯಿಯಾಗಿ ಯೋಚಿಸಿದಾಗ, ಯಾವ ಕಪ್ಪೂ ಯಾವ ಆಟಗಾರನ ದರ್ಶನವೂ ಮನೆಯ ಒಂದು ಮಗುವಿಗೆ ಸಮನಲ್ಲವೆಂಬುದನ್ನು ಮಕ್ಕಳಿಗೆ ಬಾಯಿಬಿಟ್ಟು ಹೇಳಬೇಕಾದ ಕಾಲ ಬಂದಿದೆ.

ಹಾಗಿದ್ದರೆ ಅಭಿಮಾನವೇ ಬೇಡವೇ ಎಂದರೆ, ಬೇಕು. ಅಭಿಮಾನವಿಲ್ಲದ ಆಟ ಉಪ್ಪಿಲ್ಲದ ಊಟ. ಅದಕ್ಕೊಂದು ಅಳತೆ ಮಾತ್ರ ಬೇಕು. ಪರದೆಯ ಮುಂದೆ ಕೋಪ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕೆಂದು ನನಗೆ ತೋರುತ್ತದೆ.

ತಪ್ಪು ಆಟದ್ದೋ, ನಡತೆಯದೋ ಎಂಬುದು ಮೊದಲನೆಯದು. ಆಟದ್ದಾದರೆ ಟೀಕಿಸೋಣ, ಬೇಕಾದರೆ ಖಾರವಾಗಿಯೇ ಟೀಕಿಸೋಣ. ಹಣ ಕೊಟ್ಟು ನೋಡುವವನಿಗೆ ಅಷ್ಟು ಹಕ್ಕಿದೆ. ಅವನ ಹೆಂಡತಿ ಮಕ್ಕಳು, ತಾಯಿತಂದೆ, ಜಾತಿ, ಧರ್ಮ, ಊರು ಇವು ಆಟದ ಒಳಗೆ ಬರುವುದಿಲ್ಲ. ಎರಡನೆಯದು, ಅವನು ಮಾಡಿದ್ದನ್ನು ಅವನ ಜಾಗದಲ್ಲಿದ್ದು ನಾವು ಮಾಡುತ್ತಿರಲಿಲ್ಲವೇ? ಮಾಡುತ್ತಿದ್ದೆವಾದರೆ ಬಾಯಿ ಮುಚ್ಚಿಕೊಳ್ಳುವುದು ಲೇಸು. ಮೂರನೆಯದು, ಶಿಕ್ಷೆಗೊಂದು ಕೊನೆಯುಂಟೇ? ದಂಡ ತೆತ್ತು, ಕ್ಷಮೆ ಕೇಳಿ, ಮತ್ತೆ ಅಂಥ ಮಾತಾಡದೆ ನಡೆದುಕೊಂಡವನನ್ನು ಹಳೆಯ ಪಾಪ ಎತ್ತಿ ಆಡುತ್ತಲೇ ಇರುವುದು ಯಾವ ಧರ್ಮ? ಸಾಲಗಾರನು ಸಾಲ ತೀರಿಸಿದ ಮೇಲೆ ಪತ್ರ ಹರಿದುಹಾಕಬೇಕಾದದ್ದು ಸಾಹುಕಾರನ ಕರ್ತವ್ಯ.

ಈ ಮೂರನೆಯ ಮಾತಿಗೆ ನಮ್ಮ ನೆರೂಳಿನಲ್ಲಿಯೇ ಸಾಕ್ಷಿಯಿದೆ. ಹರ್ಮನ್‌ಪ್ರೀತ್ ಕೌರ್ 2023ರ ಜುಲೈಯಲ್ಲಿ ಢಾಕಾದ ಮೀರ್‌ಪುರದಲ್ಲಿ ಔಟಾದ ಸಿಟ್ಟಿಗೆ ಬ್ಯಾಟಿನಿಂದ ಸ್ಟಂಪುಗಳಿಗೆ ಹೊಡೆದರು. ಬಹುಮಾನ ಸಮಾರಂಭದಲ್ಲಿ ಅಂಪೈರುಗಳನ್ನು ಬಹಿರಂಗವಾಗಿ ಹಳಿದರು. ನಾಯಕಿಗೆ ಒಪ್ಪದ ನಡತೆ ಅದು. ಎರಡು ಪಂದ್ಯಗಳಿಂದ ಅವರನ್ನು ದೂರವಿಟ್ಟರು. ಶಿಕ್ಷೆ ಅನುಭವಿಸಿ ಬಂದರು. 2025ರ ನವೆಂಬರ್ 2ರಂದು ಡಿ. ವೈ. ಪಾಟೀಲ್ ಮೈದಾನದಲ್ಲಿ ದಕ್ಷಿಣ ಆಫ್ರಿಕವನ್ನು 52 ರನ್ನುಗಳಿಂದ ಸೋಲಿಸಿ ಭಾರತದ ಹೆಂಗಸರು ಮೊದಲ ಸಲ ವಿಶ್ವಕಪ್ಪು ಗೆದ್ದಾಗ, ಕೊನೆಯ ಕ್ಯಾಚು ಹಿಡಿದವರು ಅವರೇ. ಗೆದ್ದ ಮೇಲೆ ತರಬೇತುದಾರ ಅಮೋಲ ಮುಜುಮದಾರರ ಕಾಲಿಗೆ ಎರಗಿದರು. ನವಿಮುಂಬಯಿಯ ನಮ್ಮ ಹೆಣ್ಣುಮಕ್ಕಳು ಆ ರಾತ್ರಿ ಕುಣಿದಾಡಿದಾಗ, ಢಾಕಾದ ಮಾತನ್ನು ಎತ್ತಿ ಯಾರಾದರೂ ಅವರ ಸಂತೋಷಕ್ಕೆ ತಣ್ಣೀರೆರಚಿದ್ದರೆ ಅದು ನ್ಯಾಯವಾಗುತ್ತಿತ್ತೇ?

ಇನ್ನು ತೀರ್ಪು. ರಾಹುಲರು ಅಭಿಮಾನಕ್ಕೆ ಯೋಗ್ಯರೇ? ನನ್ನ ಮಟ್ಟಿಗೆ, ಹೌದು. ಅವರ ಶತಕಗಳಿಗಿಂತಲೂ ಹೆಚ್ಚಾಗಿ, ಆರಂಭದಲ್ಲಿ ಆಡು ಎಂದರೆ ಅಲ್ಲಿ, ನಡುವೆ ಆಡು ಎಂದರೆ ಅಲ್ಲಿ, ವಿಕೆಟ್ಟಿನ ಹಿಂದೆ ನಿಲ್ಲು ಎಂದರೆ ಅಲ್ಲಿಯೂ ನಿಂತು, ಬಿದ್ದ ಪ್ರತಿ ಸಲವೂ ಎದ್ದ ಕಾರಣಕ್ಕೆ. ಪಾಂಡ್ಯರು? ಮೂರು ತಿಂಗಳು ದೇಶದ ಬೈಗುಳವನ್ನು ಮೌನವಾಗಿ ನುಂಗಿ, ಕಡೆಯ ಓವರಿನಲ್ಲಿ ಕೈ ನಡುಗದೆ ಚೆಂಡೆಸೆದವರನ್ನು ಮೆಚ್ಚದಿರುವುದು ಹೇಗೆ? ಇಬ್ಬರೂ 2019ರಲ್ಲಿ ಆಡಿದ ಮಾತು ಮಾತ್ರ ತಪ್ಪೇ. ಅದನ್ನು ಮಕ್ಕಳಿಗೆ ತಪ್ಪೆಂದೇ ಹೇಳೋಣ. ಒಬ್ಬನೇ ಮನುಷ್ಯನಲ್ಲಿ ಮೆಚ್ಚತಕ್ಕದ್ದೂ ಒಪ್ಪಲಾಗದ್ದೂ ಕೂಡಿರಬಹುದೆಂಬುದನ್ನು ಮಕ್ಕಳು ಆಟದಿಂದ ಕಲಿತರೆ, ಮುಂದೆ ನೆರೆಹೊರೆಯವರೊಡನೆಯೂ ಬಂಧುಬಳಗದೊಡನೆಯೂ ಬಾಳುವುದು ಅವರಿಗೆ ಸುಲಭವಾದೀತು.

ಬರುವ ಬೇಸಗೆಯಲ್ಲಿ ಜಗಳ ನಡೆಯಲಿ. ತಂದೆ ಬೆಂಗಳೂರಿನ ಕಡೆ, ಮಗ ಮುಂಬಯಿಯ ಕಡೆ, ಸೊಸೆ ಬೇಕೆಂದೇ ಚೆನ್ನೈಯ ಕಡೆ ಇರಲಿ. ಸೋತವರ ಮನೆಯವರು ಗೆದ್ದವರಿಗೆ ಮಾರನೆಯ ದಿನ ಉಪ್ಪಿಟ್ಟು ಮಾಡಿ ಬಡಿಸಲಿ. ಹೊಲಸು ಮಾತೊಂದು ಮಾತ್ರ ಹೊಸ್ತಿಲಿನ ಆಚೆಗೇ ಉಳಿಯಲಿ. ಇದಕ್ಕೆ ಒಪ್ಪದ ವಾಚಕರು ಸಂಘದ ವಿಳಾಸಕ್ಕೆ ಬರೆಯಬಹುದು. ಬಯ್ದು ಬರೆದರೂ ಚಿಂತೆಯಿಲ್ಲ. ಬರಹವನ್ನು ಬಯ್ಯಿರಿ, ಬರೆದವನ ಮನೆಯವರನ್ನು ಬಿಡಿರಿ.